ಎಚ್ಚರಿಕೆಯ ಮಾತು ಮೊದಲು ಯಾರಿಗೆ?

ಬೆಳುಗುಪ್ಪದವರಿಗೆ ಹಡಗಿನ ಗೊಡವೆ ಏಕೆ ಎಂದು ವಾಚಕ ಬಂಧುಗಳು ಕೇಳಬಹುದು. ಕೇಳುವುದು ನ್ಯಾಯವೇ. ಕಲ್ಯಾಣದುರ್ಗದಿಂದ ಉರವಕೊಂಡದ ಕಡೆಗೆ ಹೋಗುವ ಈ ಸೀಮೆಯಲ್ಲಿ ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬೆಂಗಳೂರಿನ ಬಸ್ಸು. ದೋಣಿಯನ್ನು ಕಣ್ಣಾರೆ ಕಾಣದೆಯೇ ಮುದುಕರಾದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಈಗ ನೀರು ನಮ್ಮಲ್ಲಿಗೂ ಬಂದಿದೆ. ಶ್ರೀಶೈಲದ ಹಿನ್ನೀರಿನಿಂದ ಮಲ್ಯಾಲದಲ್ಲಿ ಎತ್ತಿದ ಕೃಷ್ಣೆಯ ನೀರು ಹಂದ್ರಿ-ನೀವಾ ಕಾಲುವೆಯಲ್ಲಿ ಮೆಟ್ಟಿಲು ಹತ್ತಿದಂತೆ ಏರಿ ಬಂದು ನಮ್ಮ ಮಂಡಲದ ಜೀಡಿಪಲ್ಲಿ ಜಲಾಶಯವನ್ನು ಸೇರುತ್ತದೆ. ಆ ನದಿಯ ಕೆಳಭಾಗದಲ್ಲಿ, ವಿಜಯವಾಡದಲ್ಲಿ, 2024ರ ಸೆಪ್ಟೆಂಬರ್ 1ರಂದು ನಡೆದ ಒಂದು ಸಂಗತಿಯಿಂದಲೇ ನಮ್ಮ ಸಂಘದವರ ನಡುವೆ ಈ ಮಾತು ಹುಟ್ಟಿತು.

ಅಂದು ಕೃಷ್ಣೆಗೆ ಮಹಾಪೂರ ಬಂದಿತ್ತು. ಪ್ರಕಾಶಂ ಬ್ಯಾರೇಜಿನ 70 ಗೇಟುಗಳನ್ನೂ ಎತ್ತಿ ನೀರು ಬಿಡಲಾಗುತ್ತಿತ್ತು. ಮರುದಿನದ ಹೊತ್ತಿಗೆ ಹರಿವು 11 ಲಕ್ಷ ಕ್ಯೂಸೆಕ್ಸನ್ನು ದಾಟಿ, 1957ರಲ್ಲಿ ಬ್ಯಾರೇಜು ಕಟ್ಟಿದ ಮೇಲೆ ಕಂಡಿರದ ಮಟ್ಟ ಮುಟ್ಟಿತು. ಮೇಲುಗಡೆ ದಡದಲ್ಲಿ ಕಟ್ಟಿಹಾಕಿದ್ದ ಮರಳು ಸಾಗಿಸುವ ಕಬ್ಬಿಣದ ದೋಣಿಗಳು ಹಗ್ಗ ಹರಿದುಕೊಂಡು ತೇಲಿ ಬಂದು ಕೊನೆಯ ಗೇಟುಗಳಿಗೆ ಅಪ್ಪಳಿಸಿದವು. ಗೇಟಿಗೆ ಸಮತೂಕ ಕೊಡುವ ಕಾಂಕ್ರೀಟಿನ ಭಾರಿ ದಿಮ್ಮಿಗಳು ಮುರಿದವು. ದೋಣಿಯಲ್ಲಿ ಮನುಷ್ಯರಿರಲಿಲ್ಲ, ಎಂಜಿನ್ನು ಓಡುತ್ತಿರಲಿಲ್ಲ. ಬರೀ ಕಬ್ಬಿಣದ ತೂಕಕ್ಕೆ ನೀರಿನ ವೇಗ ಸೇರಿತ್ತು, ಅಷ್ಟಕ್ಕೇ ಇಷ್ಟಾಯಿತು.

ಆಮೇಲೆ ಏನಾಯಿತೆಂಬುದನ್ನು ನಾವು ಟಿ.ವಿ.ಯಲ್ಲಿ ನೋಡಿದೆವು. ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮೇಲ್ವಿಚಾರಣೆಯಲ್ಲಿ ಹೊಸ ದಿಮ್ಮಿಗಳನ್ನು ಕೂರಿಸಿದರು. ಅದೇ ವರ್ಷದ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿದ ಕೆಲಸಕ್ಕೆ ಮಾರ್ಗದರ್ಶನ ಮಾಡಿದವರೂ ಇವರೇ. ಸಿಕ್ಕಿಕೊಂಡ ದೋಣಿಗಳನ್ನು ಬಿಡಿಸುವುದಕ್ಕೆ ಮಾತ್ರ ಎರಡು ವಾರಕ್ಕೂ ಮೇಲೆ ಹಿಡಿಯಿತು. ಕ್ರೇನುಗಳು ಸೋತವು. ಮುಳುಗುಗಾರರು ಕೆಸರುನೀರಿನ ಅಡಿಗೆ ಹೋಗಿ ಕಬ್ಬಿಣ ಕೊಯ್ದರು. ಇತ್ತ ದಡದ ಮೇಲೆ ಆಳುವ ಪಕ್ಷದವರು ಇದು ಪಿತೂರಿ ಎಂದರು, ವಿರೋಧ ಪಕ್ಷದವರು ಸುಳ್ಳು ಎಂದರು. ದಿನವೂ ಆ ಜಗಳವೇ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು. ನೀರಿನಡಿಗೆ ಹೋಗಿ ಬಂದವರ ಹೆಸರು ಎಲ್ಲಿ ಅಚ್ಚಾಯಿತೋ ನಮಗೆ ಕಾಣಲಿಲ್ಲ.

ಖಾಲಿ ದೋಣಿಯೇ ಹೀಗೆ ಮಾಡಬಲ್ಲುದಾದರೆ ತುಂಬಿದ ಹಡಗು ಏನು ಮಾಡೀತು? ಇದಕ್ಕೆ ಉತ್ತರ ಅದೇ 2024ರಲ್ಲಿ, ಸುಮಾರು ಐದು ತಿಂಗಳು ಮೊದಲೇ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಸಿಕ್ಕಿತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ಮಾತಿನ ತಿರುಳು ಇದರಲ್ಲೇ ಇದೆ.

ಡಾಲಿ ಎಂಬ ಸರಕು ಹಡಗು ಮಾರ್ಚ್ 26ರ ನಡುರಾತ್ರಿ ಕಳೆದ ಮೇಲೆ ಬಾಲ್ಟಿಮೋರ್ ಬಂದರನ್ನು ಬಿಟ್ಟು ಪಟಾಪ್ಸ್ಕೋ ನದಿಯಲ್ಲಿ ಹೊರಟಿತ್ತು. ಉದ್ದ ಸುಮಾರು 300 ಮೀಟರ್. ಮೇಲೆ 4,680 ಕಂಟೇನರ್ ಪೆಟ್ಟಿಗೆಗಳು. ಹೋಗಬೇಕಾದದ್ದು ಕೊಲಂಬೋಗೆ. ಸೇತುವೆ ಇನ್ನೇನು ಹತ್ತಿರವಾಯಿತು ಎನ್ನುವಾಗ ಹಡಗಿನ ದೀಪಗಳೆಲ್ಲ ಆರಿದವು. ಒಮ್ಮೆ ಹತ್ತಿಕೊಂಡವು, ಮತ್ತೆ ಆರಿದವು. ವಿದ್ಯುತ್ತು ಹೋದರೆ ಎಂಜಿನ್ನು ನಿಲ್ಲುತ್ತದೆ. ಹಿಂದಿನ ರೆಕ್ಕೆ ತಿರುಗಿ ನೀರನ್ನು ತಳ್ಳುತ್ತಿದ್ದರೇ ಚುಕ್ಕಾಣಿಗೆ ಬಲ. ರೆಕ್ಕೆ ನಿಂತ ಹಡಗಿನಲ್ಲಿ ಚುಕ್ಕಾಣಿ ಹಿಡಿದವನು ಬ್ರೇಕು ಹೋದ ಲಾರಿಯ ಡ್ರೈವರನಿಗಿಂತಲೂ ಅಸಹಾಯಕ. ಲಾರಿಯವನು ಗುಡ್ಡಕ್ಕಾದರೂ ಒರಗಿಸಬಹುದು. ಇವರು ಲಂಗರು ಬಿಟ್ಟರು, ಅಪಾಯದ ಕರೆ ಕೊಟ್ಟರು. ಹಡಗು ತನ್ನ ಪಾಡಿಗೆ ಜಾರಿಕೊಂಡು ಹೋಗಿ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಬಡಿಯಿತು. ಸೇತುವೆ ಕೆಲವೇ ಕ್ಷಣಗಳಲ್ಲಿ ನದಿಗೆ ಬಿತ್ತು.

ಹಡಗಿನ ಪೈಲಟರ ಕರೆಯಿಂದ ಪೊಲೀಸರಿಗೆ ಸುದ್ದಿ ಮುಟ್ಟಿ, ಅವರು ಎರಡೂ ತುದಿಯಲ್ಲಿ ವಾಹನಗಳನ್ನು ನಿಲ್ಲಿಸಿದ್ದರು. ಅದಕ್ಕೆ ಅವರನ್ನು ಹೊಗಳಲೇಬೇಕು. ಕಾರಿನಲ್ಲಿ ಹೋಗುತ್ತಿದ್ದವರು ಎಷ್ಟೋ ಮಂದಿ ಆ ರಾತ್ರಿ ಉಳಿದರು. ಆದರೆ ಸೇತುವೆಯ ಮೇಲೆ ರಸ್ತೆಯ ಗುಂಡಿ ಮುಚ್ಚುವ ಗ್ಯಾಂಗಿನ ಏಳು ಮಂದಿ ಮತ್ತು ಒಬ್ಬ ತಪಾಸಣೆಗಾರ ಇದ್ದರು. ವಿರಾಮದ ಹೊತ್ತು, ತಮ್ಮ ವಾಹನಗಳಲ್ಲಿ ಕುಳಿತಿದ್ದರು. ಅವರಿಗೆ ಯಾರೂ ಹೇಳಲಿಲ್ಲ. ಆರು ಮಂದಿ ಸತ್ತರು. ಮೆಕ್ಸಿಕೋ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್ ಎಂಬ ಬಡ ದೇಶಗಳಿಂದ ದುಡಿಮೆ ಹುಡುಕಿಕೊಂಡು ಬಂದವರು. ಕೊನೆಯವನ ದೇಹ ಸಿಕ್ಕಿದ್ದು ಮೇ 7ರಂದು.

ಒಂದೂವರೆ ನಿಮಿಷದಲ್ಲಿ ಯಾರು ತಾನೇ ಏನು ಮಾಡಲು ಸಾಧ್ಯ ಎಂದು ನಮ್ಮ ಸಭೆಯಲ್ಲೇ ಒಬ್ಬರು ಕೇಳಿದರು. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಆದರೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ವಿಚಾರಣೆ ಮುಗಿಸಿ 2025ರ ನವೆಂಬರಿನಲ್ಲಿ ತನ್ನ ತೀರ್ಮಾನ ತಿಳಿಸಿತು. ವಾಹನ ನಿಲ್ಲಿಸಿರೆಂದು ಪೊಲೀಸರಿಗೆ ಹೇಳಿದ ಹೊತ್ತಿಗೇ ಆ ಕೆಲಸಗಾರರಿಗೂ ಹೇಳಿದ್ದರೆ, ಬೀಳದೆ ಉಳಿದ ಭಾಗಕ್ಕೆ ವಾಹನ ಓಡಿಸಿಕೊಂಡು ಹೋಗುವಷ್ಟು ಸಮಯ ಅವರಿಗೆ ಸಿಗಬಹುದಿತ್ತು ಎಂಬುದು ಅದರಲ್ಲಿ ಒಂದು. ಇದು ಸಂಘದವರ ಆರೋಪವಲ್ಲ, ಸರ್ಕಾರವೇ ನೇಮಿಸಿದ ಪರಿಣತರ ಮಾತು. ಹಡಗಿನ ವಿದ್ಯುತ್ತು ಹೋದದ್ದಕ್ಕೆ ಕಾರಣ ಒಂದು ತಂತಿ. ತಂತಿಗೆ ಸುತ್ತಿದ ಗುರುತಿನ ಪಟ್ಟಿ ಅಡ್ಡವಾಗಿ, ಅದು ತನ್ನ ಜಾಗದಲ್ಲಿ ಪೂರ್ತಿ ಕೂತಿರಲಿಲ್ಲ. ಸಾವಿರಾರು ತಂತಿಗಳಲ್ಲಿ ಅದೊಂದನ್ನು ಮೊದಲೇ ಹಿಡಿಯುವುದು ಕಷ್ಟ ಎನ್ನೋಣ. ಸೇತುವೆಯ ಮೇಲೆ ಗ್ಯಾಂಗು ಇದೆ ಎಂಬುದು ಕಷ್ಟದ ಸಂಗತಿಯೇ? ಕೆಲಸಕ್ಕೆ ಕಳಿಸಿದವರಿಗೆ ಗೊತ್ತಿತ್ತು. ಕಾವಲಿನ ಪೊಲೀಸರಿಗೂ ಗೊತ್ತಿತ್ತು. ಆದರೆ ಆ ಗೊತ್ತಿರುವುದು ಆ ಗಳಿಗೆಯಲ್ಲಿ ಸೇತುವೆಯ ಮೇಲಿದ್ದವರ ಕಿವಿಗೆ ತಲುಪುವ ದಾರಿಯನ್ನು ಯಾರೂ ಮಾಡಿಟ್ಟಿರಲಿಲ್ಲ.

ಈ ವರದಿಯ ಸಾರವನ್ನು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಓದಿ ಹೇಳಿದೆವು. ಎಲ್ಲರೂ ಸುಮ್ಮನೆ ಕೇಳಿದರು. ಬಲಗಾಲು ಸ್ವಲ್ಪ ಎಳೆದು ನಡೆಯುವ ಒಬ್ಬ ಅಕ್ಕ ಮಾತ್ರ, "ಇದು ನಮ್ಮ ಕಾಲುವೆ ಕತೇನೇ ಅಲ್ಲವೇನಣ್ಣಾ?" ಎಂದರು.

ಹೌದು, ಅದೇ ಕತೆ. ಕೆಲವು ವರ್ಷಗಳ ಕೆಳಗೆ ಒಂದು ಕಾಲುವೆಯ ಹೂಳು ತೆಗೆಯುವುದಕ್ಕೆ ನಮ್ಮ ಕಡೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೋಗಿದ್ದರು. ಕಾಲುವೆ ಯಾವುದು, ಗುತ್ತಿಗೆ ಯಾರದು ಎಂಬುದು ಇಲ್ಲಿ ಬೇಡ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ನೀರು ಬಂತು. ಮೇಲಿನ ಪಂಪಿನವರಿಗೆ ಬೆಳಗ್ಗೆಯೇ ಫೋನು ಬಂದಿತ್ತು. ಅಲ್ಲಿಂದ ಕೆಳಗಿನ ಆಫೀಸಿಗೆ ಹೋಗಿತ್ತು. ಆಫೀಸಿನಿಂದ ಗುತ್ತಿಗೆದಾರನ ಗುಮಾಸ್ತನಿಗೂ ಹೋಗಿತ್ತಂತೆ. ಗುಮಾಸ್ತ ಪೇಟೆಯಲ್ಲಿದ್ದ. ಕಾಲುವೆಯ ಒಳಗಿದ್ದವರಿಗೆ ಸುದ್ದಿ ತಂದದ್ದು ನೀರೇ. ಗುದ್ದಲಿ, ಬಾಂಡಲಿ, ಬುತ್ತಿ ಎಲ್ಲ ಹೋದವು. ದೇವರ ದಯೆ, ಪ್ರಾಣ ಹೋಗಲಿಲ್ಲ. ಇಳಿಜಾರಿನ ಕಲ್ಲು ಹತ್ತುವಾಗ ಜಾರಿ ಈ ಅಕ್ಕನ ಕಾಲು ಮುರಿಯಿತು. "ನೀರು ಬಿಡ್ತಾರಂತ ಎಲ್ಲರಿಗೂ ಗೊತ್ತಿತ್ತಂತೆ. ಒಳಗಿದ್ದೋರು ನಾವು. ನಮಗೆ ಯಾರು ಹೇಳಬೇಕಾಗಿತ್ತು?" ಎಂದು ಅವರು ಅಂದೂ ಕೇಳಿದ್ದರು. ಆಮೇಲೆ ನಡೆದ ವಿಚಾರಣೆಯಲ್ಲಿ ಸಿಕ್ಕಿಬಿದ್ದವನು ಯಾರು ಬಲ್ಲಿರಾ? ನಮ್ಮ ಮೇಸ್ತ್ರಿ. ಕೂಲಿಕಾರರನ್ನು ಕಾಲುವೆಯೊಳಗೆ ಊಟಕ್ಕೆ ಕೂರಿಸಿದ್ದು ಅವನ ತಪ್ಪಂತೆ. ದಡದ ಮೇಲೆ ಒಂದು ಗಿಡದ ನೆರಳೂ ಇರಲಿಲ್ಲವೆಂಬುದನ್ನು ಯಾರೂ ಬರೆದುಕೊಳ್ಳಲಿಲ್ಲ.

ಅಪಾಯದ ಸುದ್ದಿ ದುಡಿಯುವವನ ಬಳಿಗೆ ಎಲ್ಲರಿಗಿಂತ ಕೊನೆಗೆ ಬರುತ್ತದೆ, ಅಪಾಯ ಕಳೆದ ಮೇಲಿನ ಶಿಕ್ಷೆ ಎಲ್ಲರಿಗಿಂತ ಮೊದಲು ಬರುತ್ತದೆ. ಹಡಗು ಡಿಕ್ಕಿಗಳ ಬಗ್ಗೆ ಓದಿದಷ್ಟೂ ನಮಗೆ ಇದು ಗಟ್ಟಿಯಾಗುತ್ತಿದೆ. ಮೊದಲ ಮಾತಿಗೆ ಬಾಲ್ಟಿಮೋರ್ ಸಾಕ್ಷಿಯಾಯಿತು. ಎರಡನೆಯದಕ್ಕೆ ನಮ್ಮ ನೆರೆಯ ನದಿಗಳೇ ಸಾಕು.

ಬಾಂಗ್ಲಾದೇಶದ ನಾರಾಯಣಗಂಜ್ ಎಂಬುದು ಗಿರಣಿಗಳ ಊರು. ಅದರ ಪಕ್ಕದ ಶೀತಲಕ್ಷ್ಯಾ ನದಿ ನಮ್ಮ ಗುಂತಕಲ್ಲು ಜಂಕ್ಷನ್ನಿನ ಹಾಗೆ ಯಾವಾಗಲೂ ಗಿಜಿಗುಟ್ಟುವ ದಾರಿ. ಮರಳಿನ ದೋಣಿ, ಸಿಮೆಂಟಿನ ಹಡಗು, ಜನರನ್ನು ಒಯ್ಯುವ ಲಾಂಚು ಎಲ್ಲಕ್ಕೂ ಅದೊಂದೇ. 2021ರ ಏಪ್ರಿಲ್ 4ರ ಸಂಜೆ ಮುನ್ಶಿಗಂಜಿಗೆ ಹೊರಟಿದ್ದ ಒಂದು ಚಿಕ್ಕ ಲಾಂಚಿಗೆ ಹಿಂದಿನಿಂದ ಬಂದ ಸರಕು ಹಡಗು ಬಡಿದು ಮುಳುಗಿಸಿತು. 34 ಮಂದಿ ಸತ್ತರು. ಮಾರನೆಯ ದಿನದಿಂದ ಕೊರೋನಾ ನಿರ್ಬಂಧ ಶುರುವಾಗಲಿತ್ತು. ಹೇಗಾದರೂ ಮನೆ ಸೇರಿಕೊಳ್ಳೋಣ ಎಂದು ಹೊರಟಿದ್ದ ಜನ. ಬಡಿದ ಹಡಗು ನಿಲ್ಲದೆ ಹೋಯಿತು. ಕೆಲವು ದಿನಗಳ ತರುವಾಯ ಅದನ್ನು ಹಿಡಿದು ಅದರ ಸಿಬ್ಬಂದಿಯನ್ನು ಬಂಧಿಸಿದರು. ನಿಲ್ಲದೆ ಹೋದದ್ದು ದೊಡ್ಡ ಪಾಪ, ಅದಕ್ಕೆ ಶಿಕ್ಷೆಯಾಗಲಿ. ಆದರೆ ಒಂದು ವರ್ಷ ಕಳೆಯುವುದರೊಳಗೆ, 2022ರ ಮಾರ್ಚ್ 20ರಂದು, ಅದೇ ನದಿಯಲ್ಲಿ ಇನ್ನೊಂದು ಸರಕು ಹಡಗು ಇನ್ನೊಂದು ಲಾಂಚನ್ನು ಮುಂದಕ್ಕೆ ತಳ್ಳಿಕೊಂಡು ಹೋಗಿ ಮುಳುಗಿಸಿತು. ಖಲಾಸಿಗಳನ್ನು ಹಿಡಿದದ್ದರಿಂದ ನದಿಯ ದಾರಿ ಬದಲಾಗಿರಲಿಲ್ಲ. ಎರಡನೆಯ ಸಲ ಅಲ್ಲಿಯ ಅಧಿಕಾರಿಗಳು ನಿಲ್ಲಿಸಿದ್ದು ಚಿಕ್ಕ ಲಾಂಚುಗಳನ್ನು.

ಅಸ್ಸಾಮಿನಲ್ಲೂ ಹೀಗೆಯೇ ಆಯಿತು. 2021ರ ಸೆಪ್ಟೆಂಬರ್ 8ರಂದು ಬ್ರಹ್ಮಪುತ್ರಾ ನದಿಯ ನಿಮಾತಿ ಘಾಟಿನ ಬಳಿ, ಮಾಜುಲಿ ದ್ವೀಪಕ್ಕೆ ಹೊರಟ ಒಂದು ಖಾಸಗಿ ದೋಣಿಗೂ ಅಲ್ಲಿಂದ ಬರುತ್ತಿದ್ದ ಸರ್ಕಾರಿ ಫೆರಿಗೂ ಡಿಕ್ಕಿಯಾಗಿ ಖಾಸಗಿ ದೋಣಿ ಮಗುಚಿತು. ಸತ್ತವರು ಕೆಲವರೇ, ಬದುಕಿದವರು ಬಹಳ. ಸರ್ಕಾರ ಒಂದೇ ಎಂಜಿನ್ನಿನ ಖಾಸಗಿ ದೋಣಿಗಳನ್ನು ನಿಷೇಧಿಸಿತು. ಆ ದೋಣಿಗಳು ಅಪಾಯದವು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಒಳ್ಳೆಯ ಎಂಜಿನ್ನು ಬೇಕು, ಎಲ್ಲರಿಗೂ ತೇಲುವ ಅಂಗಿ ಬೇಕು. ಜಲಸಾರಿಗೆ ಇಲಾಖೆಯ ಕೆಲವು ಅಧಿಕಾರಿಗಳನ್ನು ಅಮಾನತು ಮಾಡಿದ್ದನ್ನೂ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ಆದರೂ ಎದುರುಬದುರಾಗಿ ಬರುವ ಎರಡು ದೋಣಿಗಳಿಗೆ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿಸುವುದು ಯಾರ ಕೆಲಸ ಎಂಬ ಪ್ರಶ್ನೆ ನಿಷೇಧದಿಂದ ತೀರುವುದಿಲ್ಲ.

ಮತ್ತೆ ಡಾಲಿಯ ಕಡೆ ಬರೋಣ. ಅದರ ಸಿಬ್ಬಂದಿ 21 ಮಂದಿ. ಒಬ್ಬ ಶ್ರೀಲಂಕಾದವನು, ಉಳಿದ 20 ಮಂದಿಯೂ ನಮ್ಮ ಭಾರತದವರು. ಅಪಘಾತವಾದ ಮೇಲೆ ಅವರನ್ನು ದಡಕ್ಕೆ ಬಿಡಲಿಲ್ಲ. ಏಪ್ರಿಲಿನಲ್ಲಿ ಪೊಲೀಸು ತನಿಖೆಯವರು ಬಂದು ಅವರ ಫೋನುಗಳನ್ನು ತೆಗೆದುಕೊಂಡು ಹೋದರು. ಮನೆಗೆ ಮಾತಾಡುವುದೂ, ತಿಂಗಳ ದುಡ್ಡು ಕಳಿಸುವುದೂ ಈಗ ಫೋನಿನಲ್ಲೇ ಅಲ್ಲವೇ? ಮೇ 13ರಂದು ಹಡಗಿನ ಮೂತಿಯ ಮೇಲೆ ಬಿದ್ದಿದ್ದ ಸೇತುವೆಯ ಉಕ್ಕನ್ನು ಸಿಡಿಮದ್ದು ಇಟ್ಟು ಒಡೆದಾಗಲೂ ಅವರು ಹಡಗಿನಲ್ಲೇ ಇದ್ದರು. ಮೇ 20ರಂದು ಹಡಗನ್ನು ಬಿಡಿಸಿ ದಡಕ್ಕೆ ತಂದರು. ಕೆಲವರಿಗೆ ಊರಿಗೆ ಹೋಗಲು ಅಪ್ಪಣೆ ಸಿಕ್ಕಿದ್ದು ಜೂನಿನಲ್ಲಿ. ಇಷ್ಟು ದಿನ ಅವರ ಯೋಗಕ್ಷೇಮ ವಿಚಾರಿಸಿದವರಲ್ಲಿ ನಾವಿಕರ ಸಂಘಗಳವರೂ, ಬಾಲ್ಟಿಮೋರಿನ ಕ್ರೈಸ್ತ ನಾವಿಕ ಸೇವಾಕೇಂದ್ರಗಳವರೂ ಇದ್ದರು. ಸಿಮ್ ಕಾರ್ಡು, ತಿನಿಸು ಇಂಥವನ್ನು ಒದಗಿಸಿಕೊಟ್ಟರು. ಇದನ್ನು ಓದಿದಾಗ ನಮಗೆ ಸಮಾಧಾನವಾಯಿತು. ಸಂಘವೂ ಸಭೆಯೂ ಒಟ್ಟಿಗೆ ಮಾಡಬಹುದಾದ ಕೆಲಸ ಎಂಥದೆಂದು ಕೇಳುವವರಿಗೆ ಇದೊಂದು ಉದಾಹರಣೆ.

ದುಡ್ಡಿನ ಲೆಕ್ಕ ಮಾತ್ರ ಬೇಗ ಮುಗಿಯಿತು. ಹಡಗಿನ ಒಡೆಯರೂ ನಿರ್ವಾಹಕರೂ ಸರ್ಕಾರದ ಖರ್ಚಿಗಾಗಿ ಸುಮಾರು 10 ಕೋಟಿ 20 ಲಕ್ಷ ಡಾಲರ್ ಕೊಡಲು 2024ರ ಅಕ್ಟೋಬರಿನಲ್ಲೇ ಒಪ್ಪಿದರು. ಇನ್ನು ಸೇತುವೆ. ಅದು 1977ರಲ್ಲಿ ತೆರೆದದ್ದು. 1980ರಲ್ಲೇ ಒಂದು ಹಡಗು ಅದಕ್ಕೆ ಬಡಿದಿತ್ತು. ಚಿಕ್ಕ ಹಡಗು, ಹೆಚ್ಚು ಹಾನಿಯಾಗಲಿಲ್ಲ, ಮರೆತರು. ಹಡಗುಗಳು ಹತ್ತು ಪಟ್ಟು ದೊಡ್ಡವಾದವು, ಕಂಬ ಹಾಗೆಯೇ ಇತ್ತು. ಲೆಕ್ಕ ಹಾಕಿ ನೋಡಿದ್ದರೆ ಅಪಾಯವು ಒಪ್ಪಬಹುದಾದ ಮಿತಿಗಿಂತ ಸುಮಾರು 30 ಪಟ್ಟು ಇದೆಯೆಂದು ಮೊದಲೇ ತಿಳಿಯುತ್ತಿತ್ತೆಂದು ಆ ಸುರಕ್ಷತಾ ಮಂಡಳಿ 2025ರ ಮಾರ್ಚಿನಲ್ಲಿ ಹೇಳಿತು. ಆ ಲೆಕ್ಕ ಹಾಕದೆ ಇದ್ದ ಅಧಿಕಾರಿಗಳ ಫೋನನ್ನು ಯಾರಾದರೂ ಹೀಗೆ ಬಂದು ತೆಗೆದುಕೊಂಡು ಹೋದರೋ ನಮಗೆ ಕಾಣಲಿಲ್ಲ.

ನಮ್ಮ ಕರಾವಳಿಯ ಸಂಗತಿಯೂ ಒಂದಿದೆ. ಅದು ನದಿಯಲ್ಲ, ಸಮುದ್ರ. ಆದರೂ ಹೇಳುತ್ತೇವೆ. 2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ ಸುಮಾರು 43 ನಾವಿಕ ಮೈಲು ದೂರದಲ್ಲಿ ಕೇರಳದ ಬೇಪೂರಿನ ಒಂದು ಮೀನುಗಾರಿಕೆ ದೋಣಿಗೂ ಸಿಂಗಪುರದ ಬಾವುಟದ ಸರಕು ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಜೀವಂತ ಸಿಕ್ಕಿದವರು ಇಬ್ಬರೇ. ದೋಣಿ ಕೇರಳದ್ದು, ದುಡಿಯುವವರು ತಮಿಳುನಾಡು, ಬಂಗಾಳದವರು, ಸತ್ತದ್ದು ಕರ್ನಾಟಕದ ಎದುರಿನ ನೀರಿನಲ್ಲಿ. ನಮ್ಮ ಹುಡುಗರೂ ಹೀಗೆಯೇ ಎಲ್ಲೆಲ್ಲಿಗೋ ಹೋಗುತ್ತಾರೆ. ಬೆಂಗಳೂರಿನ ಸೆಂಟ್ರಿಂಗ್ ಕೆಲಸಕ್ಕೆ ಹೋದವನು ನಾಳೆ ಯಾವ ಸೇತುವೆಯ ಮೇಲೆ ನಿಲ್ಲುವನೋ ಬಲ್ಲವರಾರು?

ಏಕೆಂದರೆ ನದಿಯ ಮೇಲೆ ಸರಕು ಇನ್ನೂ ಹೆಚ್ಚಬೇಕೆಂಬುದೇ ದೆಹಲಿಯ ಯೋಚನೆ. 2016ರ ಕಾನೂನಿನಲ್ಲಿ 111 ರಾಷ್ಟ್ರೀಯ ಜಲಮಾರ್ಗಗಳನ್ನು ಘೋಷಿಸಿದ್ದಾರೆ. ಕೃಷ್ಣಾ ಗೋದಾವರಿಗಳೂ ಅದರಲ್ಲಿ ಸೇರಿವೆ. ಲಾರಿಗಿಂತ ದೋಣಿಯಲ್ಲಿ ಖರ್ಚು ಕಡಿಮೆ, ಹೊಗೆ ಕಡಿಮೆ. ನಾವು ಇದನ್ನು ವಿರೋಧಿಸುವುದಿಲ್ಲ. ಹೊಸ ದಾರಿ ಎಂದರೆ ಹೊಸ ಕೂಲಿಯೂ ಹೌದು. 1917ರ ಹಳೆಯ ಕಾಯಿದೆಯನ್ನು ತೆಗೆದು 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯಿದೆ ತಂದದ್ದೂ ಒಳ್ಳೆಯದೇ. ಅದರಲ್ಲಿ ಹಡಗಿನ ತಪಾಸಣೆ, ನೋಂದಣಿ, ಸಿಬ್ಬಂದಿಗೆ ಅರ್ಹತಾ ಪತ್ರ, ವಿಮೆ, ಅಪಘಾತದ ವಿಚಾರಣೆ ಎಲ್ಲಕ್ಕೂ ಜಾಗವಿದೆ. ನಾವು ಕೇಳುವುದು ಇಷ್ಟು: ಹಡಗಿನ ಹಾದಿಯಲ್ಲಿ, ಸೇತುವೆಯ ಮೇಲೆ, ಗೇಟಿನ ಬಳಿ, ಕಾಲುವೆಯ ಒಳಗೆ ದುಡಿಯುವ ಪ್ರತಿ ಗ್ಯಾಂಗಿನಲ್ಲಿ ಒಬ್ಬನ ಕೈಗೆ ವೈರ್‌ಲೆಸ್ಸೋ ಫೋನೋ ಇರಬೇಕು. ಹಡಗು ನಡೆಸುವವರಿಗೂ ನೀರು ಬಿಡುವವರಿಗೂ ಆ ನಂಬರು ಗೊತ್ತಿರಬೇಕು. ಅಪಾಯವೆಂದಾಗ ಆಫೀಸಿಗೆ ಹೇಳುವ ಮೊದಲು ಅವನಿಗೆ ಹೇಳಬೇಕು. ಆಫೀಸು ಎಲ್ಲಿಗೂ ಓಡಿಹೋಗುವುದಿಲ್ಲ. ಡಿಕ್ಕಿಯಾದ ಮೇಲಿನ ವಿಚಾರಣೆಯಲ್ಲಿ, ಅಲ್ಲಿ ದುಡಿಯುತ್ತಿದ್ದವರಿಗೆ ಯಾರು, ಯಾವ ಹೊತ್ತಿಗೆ ಹೇಳಿದರು ಎಂಬುದನ್ನು ಮೊದಲ ಪ್ರಶ್ನೆಯಾಗಿ ಕೇಳಬೇಕು.

ಇದಕ್ಕೆ ಕೋಟಿ ಬೇಕಿಲ್ಲ. ಪ್ರತಿ ಮೇಸ್ತ್ರಿಯ ಜೇಬಿನಲ್ಲೂ ಈಗ ಒಂದು ಫೋನು ಇದ್ದೇ ಇದೆ. ಇಲ್ಲದಿರುವುದು ಆ ನಂಬರನ್ನು ಬರೆದಿಡುವ ಪುಸ್ತಕ.

ಆದುದರಿಂದ ನಾವು ದೊಡ್ಡ ಹಡಗನ್ನು ದೊಡ್ಡವರಿಗೆ ಬಿಟ್ಟು ನಮ್ಮ ಕಾಲುವೆಯಿಂದಲೇ ಶುರು ಮಾಡಿದ್ದೇವೆ. ಕೆಲಸ ನಡೆಯುವ ದಿನಗಳಲ್ಲಿ ಗ್ಯಾಂಗಿನ ಮೇಸ್ತ್ರಿಯ ಫೋನ್ ನಂಬರನ್ನು ಪಂಪಿನ ಮನೆಯ ಗೋಡೆಯ ಮೇಲೆ, ಸ್ವಿಚ್ಚಿನ ಪಕ್ಕದಲ್ಲೇ, ಬಳಪದಿಂದ ಬರೆಯಬೇಕು, ಅವನು "ಎಲ್ಲರೂ ಮೇಲೆ ಬಂದರು" ಎಂದು ಹೇಳುವ ತನಕ ಸ್ವಿಚ್ಚು ಒತ್ತಬಾರದು ಎಂದು ಒಂದು ಅರ್ಜಿ ಬರೆದೆವು. 43 ಮಂದಿ ಸಹಿ ಮತ್ತು ಹೆಬ್ಬೆಟ್ಟು ಹಾಕಿದರು. ಮೊದಲ ಹೆಬ್ಬೆಟ್ಟು ಆ ಅಕ್ಕನದು. ಆಫೀಸಿನಲ್ಲಿ ಅರ್ಜಿ ತೆಗೆದುಕೊಂಡರು, ರಸೀದಿ ಕೊಡಲಿಲ್ಲ. ರಸೀದಿಗಾಗಿ ಸೋಮವಾರ ಮತ್ತೆ ಹೋಗುತ್ತೇವೆ. ಬರುವವರು ಬೆಳಗ್ಗೆ ಎಂಟರ ಬಸ್ಸಿಗೆ ಸ್ಟ್ಯಾಂಡಿನಲ್ಲಿ ಸೇರಿಕೊಳ್ಳಿ.